ತಡವಾಗಿ ಬರುವ ಬೆಂಬಲ: ಬ್ರಿಜ್ ಹರಾಜಿನ ಒಂದು ಕೂಗು ಅರ್ಥ ಬದಲಿಸಿದ ಬಗೆ

ಬಳ್ಳಾರಿಯಲ್ಲಿ ನಾವು ನಾಲ್ವರು ವಾರಕ್ಕೆರಡು ಸಂಜೆ ಬ್ರಿಜ್ ಆಡಲು ಕೂಡುತ್ತೇವೆ. ಇಬ್ಬಿಬ್ಬರ ಎರಡು ಜೋಡಿಗಳ ಈ ಎಲೆಯಾಟದಲ್ಲಿ, ಯಾವ ಬಣ್ಣವನ್ನು ತುರುಫು (ಉಳಿದವನ್ನು ಹೊಡೆಯುವ ಬಣ್ಣ) ಮಾಡಿ ಎಷ್ಟು ಟ್ರಿಕ್ಕುಗಳನ್ನು, ಅಂದರೆ ನಾಲ್ಕು ಎಲೆಗಳ ಸುತ್ತುಗಳನ್ನು, ಗೆಲ್ಲುತ್ತೇವೆಂದು ಮೊದಲು ಹರಾಜಿನಲ್ಲಿ ಕೂಗಬೇಕು. ಒಂದು ಎಂದು ಕೂಗಿದರೆ ಏಳು ಟ್ರಿಕ್, ಎರಡು ಎಂದರೆ ಎಂಟು. ಕಳೆದ ಬೇಸಿಗೆಯಲ್ಲಿ, ಗುಡ್ಡದ ಬಂಡೆಗಳ ಕಾವು ಇನ್ನೂ ಇಳಿದಿರದ ಒಂದು ಸಂಜೆ, ನನಗೆ ಇಸ್ಪೀಟಿನಲ್ಲಿ ಎಕ್ಕ, ರಾಣಿ, ಒಂಬತ್ತು, ಏಳು, ಮೂರು. ಆಟೀನಿನಲ್ಲಿ ರಾಜ, ನಾಲ್ಕು. ಡೈಮಂಡಿನಲ್ಲಿ ರಾಜ, ಹತ್ತು, ಆರು, ಎರಡು. ಕಳಾವರಿನಲ್ಲಿ ಎಂಟು, ಐದು ಬಂದಿದ್ದವು. ಎಕ್ಕಕ್ಕೆ ನಾಲ್ಕು, ರಾಜನಿಗೆ ಮೂರು, ರಾಣಿಗೆ ಎರಡು, ಗುಲಾಮನಿಗೆ ಒಂದರಂತೆ ಒಟ್ಟು 12 ಅಂಕ. ಒಂದು ಇಸ್ಪೀಟು ಕೂಗಿ ಹರಾಜು ತೆರೆದೆ. ಜೊತೆಗಾರರು ಎರಡು ಕಳಾವರ್ ಎಂದರು, ನಾನು ಎರಡು ಡೈಮಂಡ್ ಎಂದೆ, ಅವರು ಎರಡು ಇಸ್ಪೀಟಿಗೆ ಮರಳಿದರು. ಅದು ಸಾಧಾರಣ ಕೈಯ ಕೂಗೆಂದು ತಿಳಿದು ನಾನು ಪಾಸ್ ಹೇಳಿದೆ. ಅವರ ಎಲೆಗಳು ಮೇಜಿನ ಮೇಲೆ ಹರಡಿದಾಗ 15 ಅಂಕಗಳಿದ್ದವು. ಹತ್ತು ಟ್ರಿಕ್ ಸಿಕ್ಕವು, ಆದರೆ ಅಷ್ಟನ್ನು ಕೂಗಿರದ್ದರಿಂದ ಗೇಮ್, ಅಂದರೆ ದೊಡ್ಡ ಬಹುಮಾನ ತರುವ ಕರಾರು, ಕೈತಪ್ಪಿತು. ನಮ್ಮಿಬ್ಬರಲ್ಲಿ ಯಾರೂ ತಪ್ಪು ಕೂಗಿರಲಿಲ್ಲ. ಒಂದೇ ಕೂಗಿಗೆ ಎರಡು ಕಾಲದ ಅರ್ಥಗಳನ್ನು ಹಚ್ಚಿದ್ದೆವು.

ಈ ಗೊಂದಲದ ಬೇರು ಆಟದ ಆರಂಭದಲ್ಲೇ ಇದೆ. 1925ರಲ್ಲಿ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಪನಾಮಾ ಕಾಲುವೆಯ ಮೂಲಕ ಸಾಗುತ್ತಿದ್ದ ಹಡಗಿನಲ್ಲಿ ಹೊಸ ಅಂಕಪದ್ಧತಿಯನ್ನು ಆಡಿ ನೋಡಿದರು. ಕೂಗಿ ಗೆದ್ದ ಟ್ರಿಕ್ಕುಗಳಷ್ಟೇ ಗೇಮಿನ ಲೆಕ್ಕಕ್ಕೆ ಬರುತ್ತವೆಂಬ ಆ ಒಂದು ನಿಯಮದಿಂದಾಗಿ, ಜೊತೆಗಾರರು ತಮ್ಮ ಕೈಯನ್ನು ಹರಾಜಿನಲ್ಲೇ ಪರಸ್ಪರ ವಿವರಿಸಿಕೊಳ್ಳುವುದು ಅನಿವಾರ್ಯವಾಯಿತು. 1930ರ ದಶಕದಲ್ಲಿ ಈಲೈ ಕಲ್ಬರ್ಟ್‌ಸನ್ ಹರಡಿದ ಪದ್ಧತಿಯಲ್ಲಿಯೂ ಲಂಡನ್ನಿನಲ್ಲಿ ಹುಟ್ಟಿದ ಆಕಾಲ್ ಎಂಬ ಪದ್ಧತಿಯಲ್ಲಿಯೂ ನಾಲ್ಕೇ ಇಸ್ಪೀಟು ಹಿಡಿದು ಒಂದು ಇಸ್ಪೀಟು ಕೂಗಬಹುದಿತ್ತು. ಆಗ ಎದುರಿಗೆ ಮೂರೇ ಸಣ್ಣ ಎಲೆಗಳಿದ್ದವರು ತಕ್ಷಣ ಅದೇ ಬಣ್ಣ ಕೂಗಿ ಬೆಂಬಲಿಸಿದರೆ, ಇಬ್ಬರಲ್ಲೂ ಸೇರಿ ಏಳೇ ಎಲೆಯಿರುವ ನಾಲ್ಕು–ಮೂರರ ತುರುಫಿನಲ್ಲಿ ಸಿಕ್ಕಿಬೀಳುವ ಭಯ. ಆದ್ದರಿಂದ ಅವರು ಬೇರೊಂದು ಬಣ್ಣ ಕೂಗಿ ಕಾಯುತ್ತಿದ್ದರು. ಹರಾಜು ತೆರೆದವರು ಇಸ್ಪೀಟನ್ನೇ ಮತ್ತೆ ಕೂಗಿ ಐದನೆಯ ಎಲೆ ತೋರಿಸಿದ ಮೇಲೆ ಬೆಂಬಲ ಕೊಡುತ್ತಿದ್ದರು. ತಡವಾದ ಬೆಂಬಲ ಹುಟ್ಟಿದ್ದು ಹೀಗೆ, ಎಲೆಗಳ ಎಣಿಕೆ ತಿಳಿಯುವ ಅಗತ್ಯದಿಂದ. ನಡುವೆ ಡೈಮಂಡ್ ಬಂದರೆ ಎರಡು ಇಸ್ಪೀಟಿಗೆ ಮರಳುವುದು ಬರೀ ಒಲವಿನ ಸೂಚನೆ, ಅದರ ಮೇಲೆ ಪಾಸ್ ಹೇಳಲು ಅಡ್ಡಿಯಿರಲಿಲ್ಲ. ನಾನು ಕಲಿತದ್ದು ಇದನ್ನು.

1950ರ ದಶಕದಲ್ಲಿ ಆಲ್ವಿನ್ ರಾತ್ ಮತ್ತು ಟೋಬಿಯಾಸ್ ಸ್ಟೋನ್ ಇಸ್ಪೀಟು, ಆಟೀನುಗಳಿಗೆ ಐದು ಎಲೆ ಬೇಕೇ ಬೇಕೆಂಬ ಪದ್ಧತಿಯನ್ನು ಕಟ್ಟಿದರು. ಐದನೆಯ ಎಲೆ ಮೊದಲ ಕೂಗಿನಲ್ಲೇ ಖಚಿತವಾದ ಮೇಲೆ, ಕಾಯುವ ಹಳೆಯ ಕಾರಣ ಉಳಿಯಲಿಲ್ಲ. ಆದರೂ ಕಾಯುವ ರೂಢಿ ಉಳಿಯಿತು, ಎಲೆಗಳ ಎಣಿಕೆಯ ಬದಲು ಕೈಯ ಬಲವನ್ನು ಹೇಳತೊಡಗಿತು. ಈ ಬದಲಾವಣೆಯನ್ನು ಅರಿಯದೆ ಹೊಸ ಪದ್ಧತಿಯ ನಿಯಮಗಳನ್ನು ಬಾಯಿಪಾಠ ಮಾಡಿದರೆ ಪ್ರಯೋಜನವಿಲ್ಲವೆಂದು ನನಗೆ ಅನಿಸುತ್ತದೆ. ಈ ಹಾದಿಯಲ್ಲಿ ಬೆಳೆದ ಟು ಓವರ್ ಒನ್ ಪದ್ಧತಿಯಲ್ಲಿ ಒಂದು ಇಸ್ಪೀಟಿಗೆ ಉತ್ತರವಾಗಿ ಎರಡು ಕಳಾವರ್ ಎಂದೊಡನೆ ಗೇಮ್ ತಲುಪುವ ಕರಾರಾಗುತ್ತದೆ. ಮುಂದೆ ಅವಸರವಿಲ್ಲದ್ದರಿಂದ ಎರಡು ಇಸ್ಪೀಟಿಗೆ ನಿಧಾನವಾಗಿ ಮರಳುವುದು ಬಲವಾದ ಕೈಯ ಗುರುತಾಗಬಲ್ಲದು, ಮೇಲೆ ಸ್ಲ್ಯಾಮ್ (ಹನ್ನೆರಡು ಅಥವಾ ಹದಿಮೂರು ಟ್ರಿಕ್ಕಿನ ಕರಾರು) ಹುಡುಕಲೂ ಜಾಗ ಉಳಿಯುತ್ತದೆ. ನನ್ನ ಜೊತೆಗಾರರು ಹೇಳಿದ್ದು ಇದನ್ನೇ.

ಹಾಗಾದರೆ ಮೂರು ಇಸ್ಪೀಟು ಮತ್ತು 11 ಅಂಕ ಇರುವ ನಡುಮಟ್ಟದ ಕೈ ಎಲ್ಲಿ ಹೋಗಬೇಕು? ಅದಕ್ಕೆಂದೇ ಒಂದು ಇಸ್ಪೀಟಿಗೆ ಉತ್ತರವಾಗಿ ಬರುವ ಒಂದು ನೋಟ್ರಂಪ್ (ತುರುಫಿಲ್ಲದ ಆಟದ ಕೂಗು) ಅನ್ನು ಪಾಸ್ ಮಾಡಬಾರದ ಕೂಗಾಗಿ ಮಾಡಿದರು. ತೆರೆದವರ ಮರುಕೂಗಿನ ನಂತರ ಮೂರು ಇಸ್ಪೀಟಿಗೆ ಜಿಗಿದರೆ ಗೇಮಿಗೆ ಆಹ್ವಾನ. ಇದರ ಬೆಲೆ ತೆರೆದವರ ಮೇಲೆ ಬೀಳುತ್ತದೆ. ನಾಲ್ಕು ಬಣ್ಣಗಳಲ್ಲಿ ಐದು–ಮೂರು–ಮೂರು–ಎರಡು ಎಲೆಗಳಿರುವ ಕೈಯಲ್ಲಿ ಅವರು ಮೂರೇ ಎಲೆಯ ಕಳಾವರನ್ನೋ ಡೈಮಂಡನ್ನೋ ಕೂಗಬೇಕಾಗುತ್ತದೆ. ಇಂಥ ಮರುಕೂಗನ್ನು ನಂಬಿ ಎದುರಿನವರು ಅದೇ ಬಣ್ಣದಲ್ಲಿ ನಿಂತುಬಿಟ್ಟು ಕಷ್ಟಕ್ಕೆ ಬಿದ್ದದ್ದನ್ನು ನಮ್ಮ ಮೇಜಿನಲ್ಲೇ ಹಲವು ಸಲ ನೋಡಿದ್ದೇನೆ.

ಆ ಸಂಜೆಯ ನಂತರ ನಾವಿಬ್ಬರೂ ಕುಳಿತು, ಎರಡು ಕಳಾವರಿನ ಬಳಿಕ ಬರುವ ಎರಡು ಇಸ್ಪೀಟನ್ನು ಪಾಸ್ ಮಾಡಕೂಡದೆಂದು, ನಮ್ಮ ಕೂಗುಗಳ ಒಪ್ಪಂದ ಬರೆದಿಡುವ ಕಾರ್ಡಿನ ಮೇಲೆ ಬರೆದುಕೊಂಡೆವು. ಆದರೆ ತೆರೆದವರೇ ಎರಡು ಕಳಾವರಿಗೆ ಉತ್ತರವಾಗಿ ಎರಡು ಇಸ್ಪೀಟು ಎಂದರೆ ಅದು ಆರು ಎಲೆಯ ಭರವಸೆಯೋ, ಹೇಳಲು ಬೇರೇನೂ ಇಲ್ಲದ ಐದು ಎಲೆಯ ಕೈಯೋ ಎಂಬುದರಲ್ಲಿ ಒಪ್ಪಂದ ಆಗಿಲ್ಲ. ನಾನು ಐದು ಸಾಕೆನ್ನುತ್ತೇನೆ, ಅವರು ಆರು ಬೇಕೆನ್ನುತ್ತಾರೆ. ಕಾರ್ಡಿನಲ್ಲಿ ಆ ಸಾಲು ಇನ್ನೂ ಖಾಲಿ ಇದೆ.