ಹಂಪಿಯಲ್ಲಿ ಮ್ಯಾಪಿಂಗ್ ಇಂಟರ್ನ್‌ಶಿಪ್: ಹೆಸರಿಲ್ಲದ ಮಂಟಪಗಳನ್ನ ದಾಖಲಿಸೋದು ಹೇಗೆ

ಹಂಪಿ ಕಡೆ ಮ್ಯಾಪಿಂಗ್ ಇಂಟರ್ನ್‌ಶಿಪ್‌ಗೆ ಹೋಗೋ ಆರ್ಕಿಟೆಕ್ಚರ್, ಹಿಸ್ಟರಿ, ಜಿಯಾಗ್ರಫಿ ಹುಡುಗ್ರು ಹುಡುಗೀರಿಗೆ ಅಂತ ಈ ಟಿಪ್ಪಣಿ. ಕಲ್ಲಿನ ರಥ, ಕಮಲ ಮಹಲ್, ಆನೆಲಾಯ ಎಲ್ಲಾ ಯಾವತ್ತೋ ಅಳತೆಯಾಗಿ ನಕ್ಷೆಗೆ ಬಂದಾಗಿದೆ. ನಿಮ್ಮ ಕೆಲಸ ಇರೋದು ಬಾಳೆತೋಟದ ಬದು ಮೇಲೆ ನಿಂತಿರೋ ನಾಲ್ಕು ಕಂಬದ ಮಂಟಪ, ಬಂಡೆ ಸಂದೀಲಿರೋ ಗುಡಿ, ಅರ್ಧ ಹೂತುಹೋಗಿರೋ ಕೋಟೆಗೋಡೆ ಹತ್ರ. ಇವಕ್ಕೆ ಬೋರ್ಡೂ ಇರಲ್ಲ, ಟೂರಿಸ್ಟೂ ಬರಲ್ಲ, ಆದ್ರೆ ಜನ ಎಲ್ಲಿ ಓಡಾಡ್ತಿದ್ರು, ನೀರು ಎಲ್ಲಿಂದ ಬರ್ತಿತ್ತು ಅನ್ನೋದನ್ನ ಹೇಳೋದು ಇವೇ.

ಫೀಲ್ಡಿಗೆ ಇಳಿಯೋ ಮುಂಚೆ ಹಳೇ ಕೆಲಸ ನೋಡ್ಕೊಳ್ಳಿ. ಬ್ರಿಟಿಷ್ ಸರ್ವೇಯರ್ ಕಾಲಿನ್ ಮೆಕೆಂಜಿ 1799ರಲ್ಲೇ ಇಲ್ಲಿಯ ನಕ್ಷೆ ಮಾಡಿಸಿದ್ದ, 1856ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಫೋಟೋ ತೆಗೆದ, ಆ ಫೋಟೋ ಪಕ್ಕ ಇಟ್ಕೊಂಡು ನೋಡಿದ್ರೆ ಯಾವ ಗೋಪುರ ಎಷ್ಟು ಉದುರಿದೆ ಅಂತ ಕಣ್ಣಿಗೇ ಕಾಣುತ್ತೆ. 1980ರ ದಶಕದಿಂದ ಸಂಶೋಧಕರಾದ ಜಾನ್ ಫ್ರಿಟ್ಜ್, ಜಾರ್ಜ್ ಮಿಷೆಲ್ ಅವರ ತಂಡ ಇಡೀ ಜಾಗಾನ ಚೌಕಗಳಾಗಿ, ಚೌಕದೊಳಗೆ ಮತ್ತೆ ಚೌಕಗಳಾಗಿ ಹಂಚಿ ಒಂದೊಂದು ಕಟ್ಟಡಕ್ಕೂ ಗುರುತಿನ ನಂಬರ್ ಕೊಟ್ಟಿದಾರೆ. ನೀವು ನೋಡ್ತಿರೋ ಕಟ್ಟಡಕ್ಕೆ ಆ ನಂಬರ್ ಇದ್ರೆ ಅದನ್ನೇ ಉಳಿಸ್ಕೊಳ್ಳಿ, ಹೊಸದು ಕೊಟ್ರೆ ಡೇಟಾಬೇಸಲ್ಲಿ ಒಂದೇ ಮಂಟಪ ಎರಡಾಗಿ ಕೂರುತ್ತೆ.

ಜಿಪಿಎಸ್ ವಿಷ್ಯ. ಯುಟಿಎಂ ಅಂದ್ರೆ ಭೂಮೀನ ವಲಯಗಳಾಗಿ ಹಂಚಿ ಮೀಟರಲ್ಲಿ ಜಾಗ ಗುರುತಿಸೋ ವ್ಯವಸ್ಥೆ, ಹಂಪಿ ಬರೋದು ಅದರ 43 ಉತ್ತರ ವಲಯದಲ್ಲಿ, ಕ್ಯೂಜಿಐಎಸ್ (ನಕ್ಷೆ ಮಾಡೋ ಸಾಫ್ಟ್‌ವೇರ್) ಪ್ರಾಜೆಕ್ಟನ್ನ ಅದಕ್ಕೇ ಸೆಟ್ ಮಾಡಿ. ಹಳೇ ಟೋಪೋಶೀಟ್‌ಗಳು (ಸರ್ಕಾರಿ ಸರ್ವೇ ನಕ್ಷೆಗಳು) ಎವರೆಸ್ಟ್ ಡೇಟಮ್ಮಿನವು, ಅಂದ್ರೆ ಭೂಮಿ ಆಕಾರದ ಹಳೇ ಲೆಕ್ಕದ ಮೇಲೆ ಮಾಡಿದವು, ಸರಿಯಾಗಿ ಕನ್ವರ್ಟ್ ಮಾಡದೆ ಮೇಲೆ ಹಾಕಿದ್ರೆ ಮಂಟಪ ರಸ್ತೆ ದಾಟಿ ಆಚೆ ಹೋಗಿರುತ್ತೆ. ಬಯಲಲ್ಲಿ ಮೊಬೈಲ್ ಜಿಪಿಎಸ್ ನಾಲ್ಕೈದು ಮೀಟರ್ ಒಳಗೆ ತೋರಿಸುತ್ತೆ, ದೊಡ್ಡ ಬಂಡೆಗಳ ನಡುವೆ ನಂಬೋ ಹಾಗಿಲ್ಲ. ಅಲ್ಲಿ ಡಿಜಿಪಿಎಸ್ (ತಪ್ಪು ಸರಿಪಡಿಸ್ಕೊಳ್ಳೋ ಹೆಚ್ಚು ನಿಖರ ಜಿಪಿಎಸ್) ಇಲ್ಲಾ ಟೋಟಲ್ ಸ್ಟೇಷನ್ (ಕೋನ, ದೂರ ಅಳೆಯೋ ಸರ್ವೇ ಯಂತ್ರ) ಬೇಕು.

ಇಷ್ಟು ಕಾಳಜಿ ಯಾಕೆ ಅಂದ್ರೆ, 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆಗಿ ಕೇಂದ್ರ ರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ಕಟ್ಟಡ ಕಟ್ಟೋಕೆ ನಿಷೇಧಿತ, ಅದರಾಚೆ 200 ಮೀಟರ್ ಅನುಮತಿ ಬೇಕಾದ ನಿಯಂತ್ರಿತ ಜಾಗ ಅಂತ ಇದೆ. ಈ ದೂರ ಶುರುವಾಗೋದು ಗಡಿಯಿಂದ, ಕಟ್ಟಡದ ನಡುವಿಂದ ಅಲ್ಲ. ಹಾಗಾಗಿ ಪಾಯಿಂಟ್ ಒಂದು ಒತ್ತಿ ಬಂದ್ರೆ ಸಾಲ್ದು, ಗಡಿ ಸುತ್ತ ಗೆರೆ ಎಳೆದ ಪಾಲಿಗನ್ ಬೇಕು. ಆ ಗೆರೆ ಐದು ಮೀಟರ್ ಆಚೀಚೆ ಆದ್ರೆ ಯಾರದ್ದೋ ಮನೆ ರಿಪೇರಿಗೆ ಪರ್ಮಿಷನ್ ಸಿಗುತ್ತೋ ಇಲ್ವೋ ಅನ್ನೋದೇ ಬದಲಾಗಬಹುದು, ಊರಲ್ಲಿ ಬಾಳ್ತಿರೋರು ಇದಾರೆ ಅನ್ನೋದು ಮರೀಬೇಡಿ. ಜೊತೆಗೆ ಜಾಗ ಯಾರ ಸುಪರ್ದಿ ಅಂತ ಒಂದು ಕಾಲಂ ಇಡಿ: ಎಎಸ್‌ಐ (ಕೇಂದ್ರದ ಪುರಾತತ್ವ ಇಲಾಖೆ), ರಾಜ್ಯ ಪುರಾತತ್ವ ಇಲಾಖೆ, ಅರಣ್ಯ, ರೈತರ ಹೊಲ, ಎಲ್ಲಾ ಪಕ್ಕಪಕ್ಕದಲ್ಲೇ ಇವೆ. ಟ್ರೈಪಾಡ್, ಡ್ರೋನ್‌ಗೆ ಮುಂಚೇನೇ ಅನುಮತಿ ತಗೊಳ್ಳಿ.

ಈಗ ನನಗೆ ಬಹಳ ಇಷ್ಟವಾದ ಭಾಗ, ಕಲ್ಲು ಓದೋದು. ಬಂಡೆ ಅಂಚಲ್ಲಿ ಸಾಲಾಗಿ ಚೌಕ ಗುಳಿಗಳು ಕಂಡ್ರೆ ಅದು ಬೆಣೆ ಹೊಡೆದು ಕಲ್ಲು ಸೀಳಿದ ಗುರುತು, ಅಂದ್ರೆ ನೀವು ನಿಂತಿರೋದು ಕಲ್ಲುಗಣಿ ಮೇಲೆ, ಅದನ್ನೂ ಒಂದು ರಚನೆ ಅಂತಾನೇ ದಾಖಲಿಸಿ. ಅರಮನೆ ಆವರಣದ ಮೆಟ್ಟಿಲು ಪುಷ್ಕರಣಿಗೆ ಹೋಗಿ ಕಪ್ಪು ಕಲ್ಲುಗಳನ್ನ ಹತ್ರದಿಂದ ನೋಡಿ, ಯಾವ ದಿಕ್ಕು, ಎಷ್ಟನೇ ಸಾಲು ಅಂತ ಕಲ್ಲುಕುಟಿಗರು ಗುರುತು ಕೆತ್ತಿದಾರೆ. ಇಂಥ ಗೀಚುಗಳು ನಡುಮಧ್ಯಾಹ್ನ ಕಾಣಲ್ಲ, ಬೆಳಗ್ಗೆ ಇಲ್ಲಾ ಸಂಜೆ ಓರೆ ಬಿಸಿಲಲ್ಲಿ ಫೋಟೋ ತೆಗೀರಿ, ಪಕ್ಕ ಸ್ಕೇಲ್ ಇಡಿ, ಸುಣ್ಣ ಚಾಕ್ ಏನೂ ಉಜ್ಜಬೇಡಿ.

ಕಾಲುವೆ, ತೂಬು, ಹಳೇ ದಾರಿನ ಗೆರೆಯಾಗಿ ಹಾಕಿ, ಕಟ್ಟಡದ ಪಟ್ಟಿಗೆ ಅಂಟಿಸಿ. ತುರ್ತಾ ಕಾಲುವೇಲಿ ಇವತ್ತೂ ನೀರು ಹರಿದು ಬಾಳೆ, ಭತ್ತ ಬೆಳೀತಿದೆ, ಅದರ ಜೊತೆ ನಡ್ಕೊಂಡು ಹೋದ್ರೆ ದಂಡೇಲಿರೋ ಮಂಟಪ ಅಲ್ಲೇ ಯಾಕಿದೆ ಅಂತ ಹೊಳೆಯುತ್ತೆ. ನೀರು ಕಟ್ಟೋ ರೈತರನ್ನ ಕೇಳಿ, ಅವರು ಆ ಜಾಗಕ್ಕೆ ಏನಂತ ಕರೀತಾರೋ ಅದನ್ನ ಹಂಗೇ ಬರ್ಕೊಳ್ಳಿ.

ಒಂದು ಮಾತ್ರ ಖಡಾಖಂಡಿತ: ಕಾವಲಿಲ್ಲದ ಗುಡಿಯ ಲೊಕೇಶನ್ ಇನ್‌ಸ್ಟಾದಲ್ಲಿ ಹಾಕಬೇಡಿ. ನಿಧಿ ಆಸೆಗೆ ಗರ್ಭಗುಡಿ ಅಗೆಯೋರು ನಮ್ಮಲ್ಲಿ ಕಡಿಮೆ ಇಲ್ಲ. ಫೋಟೋದಲ್ಲಿ ಅಡಗಿರೋ ಜಾಗದ ಗುರುತು, ಅಂದ್ರೆ ಜಿಯೋಟ್ಯಾಗ್, ತೆಗೆದೇ ಶೇರ್ ಮಾಡಿ, ಪೂರ್ತಿ ಕೋಆರ್ಡಿನೇಟ್ ಇರೋ ಫೈಲು ಇಲಾಖೆಗೆ ಮತ್ತು ನಿಮ್ಮ ಗೈಡ್‌ಗೆ ಮಾತ್ರ ಕೊಡಿ.