ಓದುಗರ ಪ್ರಶ್ನೆ: ಪಂದ್ಯಕ್ಕೆ 24 ಪಾಯಿಂಟ್ ಹಾಕುವ ಹುಡುಗನಿಗೆ 60 ಲಕ್ಷ ಡಾಲರ್ ಅಷ್ಟೇನಾ?

ಪ್ರಶ್ನೆ: ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಆಗ ಬ್ರೂಕ್ಲಿನ್ ತಂಡದಲ್ಲಿದ್ದ ಕ್ಯಾಮ್ ಥಾಮಸ್ ಪಂದ್ಯಕ್ಕೆ ಸರಾಸರಿ 24 ಪಾಯಿಂಟ್ ಹಾಕಿದರು. ಆದರೂ 2025ರಲ್ಲಿ ಒಂದೇ ವರ್ಷಕ್ಕೆ, ಸುಮಾರು 60 ಲಕ್ಷ ಡಾಲರ್‌ಗೆ ಸಹಿ ಮಾಡಬೇಕಾಯಿತು. ಹೆಚ್ಚು ಕಡಿಮೆ ಅದೇ ವಯಸ್ಸಿನಲ್ಲಿ ಟೈಲರ್ ಹೀರೋ, ಜೋರ್ಡನ್ ಪೂಲ್ ಅವರಿಗೆ 13–14 ಕೋಟಿ ಡಾಲರ್‌ವರೆಗಿನ ಒಪ್ಪಂದ ಸಿಕ್ಕಿತ್ತು. ಹಾಗಾದರೆ ಚೆನ್ನಾಗಿ ಸ್ಕೋರ್ ಮಾಡುವ ಯುವ ಗಾರ್ಡ್‌ನ (ಬಾಲ್ ಹಿಡಿದು ಆಟ ನಡೆಸುವ ಆಟಗಾರ) ನಿಜವಾದ ಬೆಲೆ ಎಷ್ಟು?

ಉತ್ತರ: ಥಾಮಸ್ ಆಟ ನೋಡಿದವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ. 2023ರ ಫೆಬ್ರವರಿಯಲ್ಲಿ ಅವರು ಸತತ ಮೂರು ಪಂದ್ಯಗಳಲ್ಲಿ 44, 47, 43 ಪಾಯಿಂಟ್ ಹಾಕಿದರು. ಆಗ ವಯಸ್ಸು 21. ಅಷ್ಟು ಚಿಕ್ಕ ವಯಸ್ಸಿನಲ್ಲಿ ಸತತ ಮೂರು ಸಲ 40 ದಾಟಿದವರು ಅದಕ್ಕೂ ಮೊದಲು ಎನ್‌ಬಿಎಯಲ್ಲಿ ಯಾರೂ ಇರಲಿಲ್ಲ. ಅಂಥ ಹುಡುಗನಿಗೆ ಎರಡು ವರ್ಷದ ನಂತರ ದೊಡ್ಡ ಒಪ್ಪಂದ ಕೊಡುವವರೇ ಇಲ್ಲ ಅಂದರೆ ಬೇಜಾರಾಗುತ್ತದೆ. ನನಗೂ ಆಯಿತು.

ಉತ್ತರದ ಅರ್ಧ ಭಾಗ ಆಟದಲ್ಲಿದೆ, ಇನ್ನರ್ಧ ಮಾರುಕಟ್ಟೆಯಲ್ಲಿದೆ. ಮಾರುಕಟ್ಟೆಯಿಂದಲೇ ಶುರು ಮಾಡೋಣ.

ತಂಡಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. ಅದರ ಮೊದಲ ಸುತ್ತಿನಲ್ಲಿ ಆಯ್ಕೆಯಾದ ಹುಡುಗರ ಮೊದಲ ನಾಲ್ಕು ವರ್ಷದ ಸಂಬಳ ಹೆಚ್ಚುಕಡಿಮೆ ಮೊದಲೇ ನಿಗದಿಯಾಗಿರುತ್ತದೆ. ಎಷ್ಟನೇ ಆಯ್ಕೆ ಅನ್ನುವುದರ ಮೇಲೆ ಅದು ನಿಂತಿದೆ. ಥಾಮಸ್ 2021ರಲ್ಲಿ 27ನೇ ಆಯ್ಕೆ. ನಾಲ್ಕನೇ ಸೀಸನ್ ಶುರುವಾಗುವ ಮೊದಲೇ ತಂಡ ಬೇಕಿದ್ದರೆ ಹೊಸ ಒಪ್ಪಂದ ಮಾಡಿಕೊಳ್ಳಬಹುದು. ಹೀರೋ ಮತ್ತು ಪೂಲ್‌ಗೆ 2022ರ ಅಕ್ಟೋಬರ್‌ನಲ್ಲಿ ಆಗಿದ್ದು ಇದೇ. ಹಾಗೆ ಆಗದಿದ್ದರೆ ನಾಲ್ಕು ವರ್ಷ ಮುಗಿದ ಮೇಲೆ ಆಟಗಾರ ಮಾರುಕಟ್ಟೆಗೆ ಬರುತ್ತಾನೆ, ಆದರೆ ಪೂರ್ತಿ ಸ್ವತಂತ್ರನಾಗಿ ಅಲ್ಲ. ಐಪಿಎಲ್ ಹರಾಜಿನ ಆರ್‌ಟಿಎಂ ಕಾರ್ಡ್ ಗೊತ್ತಲ್ವಾ? ಹೆಚ್ಚುಕಡಿಮೆ ಅದೇ ಇಲ್ಲೂ ಇದೆ. ಬೇರೆ ತಂಡ ಎಷ್ಟು ಕೊಡಲು ಒಪ್ಪಿದರೂ, ಹಳೇ ತಂಡ ಅಷ್ಟೇ ಕೊಟ್ಟು ಅವನನ್ನು ಉಳಿಸಿಕೊಳ್ಳಬಹುದು. ಹೀಗಿರುವಾಗ ಬೇರೆಯವರು ಸುಮ್ನೆ ಯಾಕೆ ಬೆಲೆ ಏರಿಸುತ್ತಾರೆ?

ಏರಿಸಬೇಕು ಅಂದುಕೊಂಡರೂ ಪರ್ಸ್‌ನಲ್ಲಿ ದುಡ್ಡಿರಬೇಕು. 2025–26ರಲ್ಲಿ ಒಂದು ತಂಡದ ಸ್ಯಾಲರಿ ಕ್ಯಾಪ್, ಅಂದರೆ ಒಟ್ಟು ಸಂಬಳದ ಮಿತಿ, ಸುಮಾರು 15.46 ಕೋಟಿ ಡಾಲರ್. ತಮ್ಮದೇ ಆಟಗಾರರನ್ನು ಉಳಿಸಿಕೊಳ್ಳಲು ತಂಡಗಳು ಇದನ್ನು ದಾಟಬಹುದು. ಹೊರಗಿನವರನ್ನು ದೊಡ್ಡ ಬೆಲೆಗೆ ತರಲು ಕ್ಯಾಪ್ ಒಳಗೆ ಜಾಗ ಬೇಕು. 2025ರ ಜುಲೈನಲ್ಲಿ ಅಂಥ ದೊಡ್ಡ ಜಾಗ ಇದ್ದ ತಂಡ ಒಂದೇ ಒಂದು. ಅದು ಬ್ರೂಕ್ಲಿನ್, ಅಂದರೆ ಥಾಮಸ್ ಅವರ ಸ್ವಂತ ತಂಡ! ಸಂತೆಯಲ್ಲಿ ಕೈಯಲ್ಲಿ ಕಾಸಿದ್ದ ಒಬ್ಬನೇ ಗಿರಾಕಿ ಇವರ ಮನೆಯವನೇ ಆಗಿದ್ದ. ಪೈಪೋಟಿ ಇಲ್ಲದ ಕಡೆ ಬೆಲೆ ಹೇಗೆ ಏರುತ್ತದೆ?

ಇದಕ್ಕೆ ಲೀಗ್ ಮತ್ತು ಆಟಗಾರರ ನಡುವೆ 2023ರಲ್ಲಿ ಬಂದ ಹೊಸ ಕರಾರೂ ಒಂದು ಕಾರಣ. ಸಂಬಳದ ಮೊತ್ತ ಒಂದು ಗೆರೆ ದಾಟಿದರೆ ಅಂಥ ತಂಡಗಳ ಕೈಯನ್ನು ಅದು ಗಟ್ಟಿಯಾಗಿ ಕಟ್ಟಿಹಾಕುತ್ತದೆ. ಆ ಗೆರೆಗೆ ಎರಡನೇ ಏಪ್ರನ್ ಅನ್ನುತ್ತಾರೆ. 2025–26ರಲ್ಲಿ ಈ ಗೆರೆ ಸುಮಾರು 20.78 ಕೋಟಿ ಡಾಲರ್. ಅದನ್ನು ದಾಟಿದವರು ಇಬ್ಬರು ಆಟಗಾರರ ಸಂಬಳ ಕೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ಟ್ರೇಡ್‌ನಲ್ಲಿ, ಅಂದರೆ ತಂಡಗಳ ನಡುವಿನ ಆಟಗಾರರ ವಿನಿಮಯದಲ್ಲಿ, ತರುವಂತಿಲ್ಲ. ಹೀಗಾಗಿ ತಂಡಗಳು ಮೊದಲ ಇಬ್ಬರು ತಾರೆಗಳಿಗೆ ಕೈ ತುಂಬಾ ಕೊಟ್ಟು, ಮೂರನೆಯವನ ಹತ್ತಿರ ಬಂದಾಗ ಲೆಕ್ಕ ಹಾಕುತ್ತವೆ. ಸ್ಕೋರ್ ಮಾಡುವ ಯುವ ಗಾರ್ಡ್ ಸಾಮಾನ್ಯವಾಗಿ ಆ ಮೂರನೆಯವನೇ.

ಈಗ ಆಟಕ್ಕೆ ಬರೋಣ. ಎಷ್ಟೇ ಸೋಲುವ ತಂಡವಾದರೂ ಪಂದ್ಯಕ್ಕೆ 100 ಪಾಯಿಂಟ್ ದಾಟುತ್ತದೆ. ಯಾರೋ ಒಬ್ಬರು ಆ ಬಾಲ್ ಎಸೆಯಲೇಬೇಕು. 2024–25ರಲ್ಲಿ ಬ್ರೂಕ್ಲಿನ್ 26 ಗೆದ್ದು 56 ಸೋತಿತು. ಆ ಸೀಸನ್‌ನಲ್ಲಿ ತೊಡೆಯ ಸ್ನಾಯು ಸೆಳೆತದಿಂದ ಥಾಮಸ್ ಆಡಿದ್ದು 25 ಪಂದ್ಯ ಮಾತ್ರ. ಹಾಗಾಗಿ ಜನರಲ್ ಮ್ಯಾನೇಜರ್‌ಗಳು 24 ಅನ್ನುವ ಸಂಖ್ಯೆಯನ್ನು ಬಿಟ್ಟು ಬೇರೆ ಪ್ರಶ್ನೆ ಕೇಳುತ್ತಾರೆ. ಆ 24ಕ್ಕೆ ಎಷ್ಟು ಶಾಟ್ ಬೇಕಾಯಿತು? 16 ಶಾಟ್‌ನಲ್ಲಿ ಬಂದ 24 ಬೇರೆ, 21 ಶಾಟ್‌ನಲ್ಲಿ ಬಂದ 24 ಬೇರೆ. ಆ ಐದು ಶಾಟ್ ಬೇರೆ ಯಾರದ್ದೋ ಕೈಯಿಂದ ಕಿತ್ತುಕೊಂಡದ್ದು. ಇವನ ಕೈಯಲ್ಲಿ ಬಾಲ್ ಇದ್ದಾಗ ಉಳಿದ ನಾಲ್ವರ ಆಟ ಸುಲಭವಾಗುತ್ತದೋ, ಇಲ್ಲ ಅವರು ನಿಂತು ನೋಡುತ್ತಾರೋ? ಡಿಫೆನ್ಸ್‌ನಲ್ಲಿ ಎದುರಾಳಿಗಳು ಇವನನ್ನೇ ಹುಡುಕಿಕೊಂಡು ಬರುತ್ತಾರೋ? ಪ್ಲೇಆಫ್‌ನಲ್ಲಿ ಹಾಗೆ ಹುಡುಕಿ ಹೊಡೆಯುವುದು ಎಲ್ಲ ಕೋಚ್‌ಗಳೂ ಮಾಡುವ ಕೆಲಸ. ಅದಕ್ಕೆ ಹೆಚ್ಚಾಗಿ ಸಿಕ್ಕಿಬೀಳುವುದು ಕುಳ್ಳಗಿನ ಗಾರ್ಡ್‌ಗಳು.

ಪಾಯಿಂಟ್‌ಗೂ ಬೆಲೆಗೂ ನೇರ ಸಂಬಂಧ ಇಲ್ಲ ಅನ್ನುವುದಕ್ಕೆ 2022ಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಕಾಲಿನ್ ಸೆಕ್ಸ್ಟನ್ 2020–21ರಲ್ಲಿ ಕ್ಲೀವ್‌ಲ್ಯಾಂಡ್‌ಗೆ ಪಂದ್ಯಕ್ಕೆ 24.3 ಪಾಯಿಂಟ್ ಹಾಕಿದ್ದರು. ಮುಂದಿನ ಸೀಸನ್‌ನ 11ನೇ ಪಂದ್ಯದ ನಂತರ ಮಂಡಿ ಗಾಯದಿಂದ ಹೊರಗುಳಿದರು. 2022ರಲ್ಲಿ ಅವರಿಗೆ ಸಿಕ್ಕಿದ್ದು ನಾಲ್ಕು ವರ್ಷಕ್ಕೆ ಸುಮಾರು 7.2 ಕೋಟಿ ಡಾಲರ್. ಅದೇ ವರ್ಷ ಜೇಲನ್ ಬ್ರನ್ಸನ್ ಡಲ್ಲಾಸ್ ಬಿಟ್ಟು ನ್ಯೂಯಾರ್ಕ್‌ಗೆ ಹೋದರು. ಅವರ ಸರಾಸರಿ 16.3 ಪಾಯಿಂಟ್ ಮಾತ್ರ. ಸಿಕ್ಕಿದ್ದು ನಾಲ್ಕು ವರ್ಷಕ್ಕೆ 10.4 ಕೋಟಿ! ಆಗ ಇದು ಜಾಸ್ತಿಯಾಯಿತು ಅಂದವರು ಬಹಳ ಜನ. ಆದರೆ ಬ್ರನ್ಸನ್ ಬಾಲ್ ಕಳೆದುಕೊಳ್ಳುವುದು ಕಡಿಮೆ, ಪಾಸ್ ಮಾಡುತ್ತಿದ್ದರು. ಆ ವರ್ಷದ ಪ್ಲೇಆಫ್‌ನಲ್ಲಿ ಲೂಕಾ ಡಾನ್ಸಿಚ್ ಗಾಯದಿಂದ ಕೂತಿದ್ದಾಗ ಯೂಟಾ ವಿರುದ್ಧ ಒಂದೇ ಪಂದ್ಯದಲ್ಲಿ 41 ಹಾಕಿ ತಂಡವನ್ನು ಹೊತ್ತಿದ್ದರು. 2023–24ರ ಹೊತ್ತಿಗೆ ಅವರ ಸರಾಸರಿ 28.7. ಡ್ರಾಫ್ಟ್‌ನಲ್ಲಿ ಎರಡನೇ ಸುತ್ತಿನ 33ನೇ ಆಯ್ಕೆಯಾಗಿದ್ದರಿಂದ ಅವರಿಗೆ ಆ ಆರ್‌ಟಿಎಂ ಥರದ ಕಟ್ಟುಪಾಡು ಇರಲಿಲ್ಲ ಅನ್ನುವುದೂ ನೆನಪಿರಲಿ. ಪೂರ್ತಿ ಸ್ವತಂತ್ರರಾಗಿದ್ದೇ ಅವರ ಬಲವಾಯಿತು.

ಬೆಲೆ ಅಳೆಯಲು ಡಾಲರ್ ಲೆಕ್ಕ ಬಿಟ್ಟು, ಒಪ್ಪಂದದ ಮೊದಲ ವರ್ಷದ ಸಂಬಳ ಕ್ಯಾಪ್‌ನ ಶೇಕಡಾ ಎಷ್ಟು ಅಂತ ನೋಡಿ. ಕ್ಯಾಪ್ ವರ್ಷ ವರ್ಷ ಏರುವುದರಿಂದ ಡಾಲರ್ ಲೆಕ್ಕ ದಾರಿ ತಪ್ಪಿಸುತ್ತದೆ. ಆರು ವರ್ಷದವರೆಗಿನ ಅನುಭವ ಇರುವವರಿಗೆ ಸಾಮಾನ್ಯ ಗರಿಷ್ಠ ಮಿತಿ ಶೇ 25. ಫಿಲಡೆಲ್ಫಿಯಾದ ಟೈರೀಸ್ ಮ್ಯಾಕ್ಸಿ 2024ರಲ್ಲಿ ಪಂದ್ಯಕ್ಕೆ 25.9 ಪಾಯಿಂಟ್ ಜೊತೆ 6.2 ಅಸಿಸ್ಟ್ (ಬೇರೆಯವರು ಸ್ಕೋರ್ ಮಾಡಲು ನೆರವಾದ ಪಾಸ್) ಕೊಟ್ಟು ಅದನ್ನು ಪೂರ್ತಿ ಪಡೆದರು. ಐದು ವರ್ಷಕ್ಕೆ ಸುಮಾರು 20.4 ಕೋಟಿ ಡಾಲರ್. ಹೀರೋ ಮತ್ತು ಪೂಲ್ ಅವರ ಹೊಸ ಒಪ್ಪಂದ ಶುರುವಾದಾಗ ಇಬ್ಬರಿಗೂ ಸಿಕ್ಕಿದ್ದು ಕ್ಯಾಪ್‌ನ ಸುಮಾರು ಶೇ 20. ಒಂದೇ ಬೆಲೆ, ಆದರೆ ಹಾದಿ ಬೇರೆ ಬೇರೆ. ಹೊಸ ಸಂಬಳದ ಮೊದಲ ಪಂದ್ಯ ಆಡುವ ಮೊದಲೇ ಗೋಲ್ಡನ್ ಸ್ಟೇಟ್ ತಂಡ ಪೂಲ್ ಅವರನ್ನು ವಾಷಿಂಗ್ಟನ್‌ಗೆ ಕಳಿಸಿತು. ಹೀರೋ 2025ರಲ್ಲಿ ಮೊದಲ ಸಲ ಲೀಗ್‌ನ ಅತ್ಯುತ್ತಮ ಆಟಗಾರರು ಆಡುವ ಆಲ್ ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದರು. ಥಾಮಸ್ ಅವರ ಪಾಲು ಬರೀ ಶೇ 4.

ನನ್ನ ಅಂದಾಜು ಕೇಳಿದರೆ, ತಾನೂ ಹಾಕಿ ಜೊತೆಗಿದ್ದವರ ಕೈಯಲ್ಲೂ ಹಾಕಿಸುವ ಗಾರ್ಡ್‌ಗೆ ಶೇ 20ರಿಂದ 25 ಕೊಡಲು ಹಿಂದೆಮುಂದೆ ನೋಡಬಾರದು. ಸ್ಕೋರ್ ಒಂದೇ ಬಲ, ಡಿಫೆನ್ಸ್ ಇನ್ನೂ ಕಲಿಯಬೇಕು ಅನ್ನುವವನಿಗೆ ಶೇ 10ರಿಂದ 13 ನ್ಯಾಯ. 2025–26ರ ಕ್ಯಾಪ್‌ನಲ್ಲಿ ಅದು ವರ್ಷಕ್ಕೆ ಒಂದೂವರೆಯಿಂದ ಎರಡು ಕೋಟಿ ಡಾಲರ್. ಥಾಮಸ್ ಈ ಎರಡನೇ ಗುಂಪಿನವರು ಅನ್ನುವುದು ನನ್ನ ನಂಬಿಕೆ. ಅವರಿಗೆ ಸಿಕ್ಕಿದ್ದು ಅದರ ಅರ್ಧವೂ ಇಲ್ಲ. ಅವರ ಆಟದಲ್ಲಿ ಕೊರತೆ ಇದೆ, ಒಪ್ಪುತ್ತೇನೆ. ಆದರೆ ಶೇ 4ಕ್ಕೆ ಇಳಿಯುವಷ್ಟು ಕೊರತೆ ಅಲ್ಲ. ಉಳಿದ ಇಳಿಕೆಯೆಲ್ಲ ಮಾರ್ಕೆಟ್ ಖಾಲಿ ಇದ್ದ ಕಾಲದ್ದು.

ಕೊನೆಗೆ ಅವರು ಆರಿಸಿಕೊಂಡಿದ್ದು ಕ್ವಾಲಿಫೈಯಿಂಗ್ ಆಫರ್, ಅಂದರೆ ನಿಯಮದ ಪ್ರಕಾರ ಸಿಗುವ ಒಂದು ವರ್ಷದ ಸಂಬಳ. ಅದರ ಜೊತೆ ಇನ್ನೆರಡು ಸಂಗತಿ ಸಿಕ್ಕವು. ಆ ವರ್ಷ ಅವರ ಒಪ್ಪಿಗೆ ಇಲ್ಲದೆ ಟ್ರೇಡ್ ಮಾಡುವಂತಿರಲಿಲ್ಲ. ಮುಂದಿನ ಸಲ ಮಾರುಕಟ್ಟೆಗೆ ಬಂದಾಗ ಅವರ ಮೇಲೆ ಆರ್‌ಟಿಎಂ ಕಾರ್ಡ್ ಎತ್ತುವ ಹಕ್ಕು ಯಾರಿಗೂ ಇಲ್ಲದಂತಾಯಿತು.