ಖಿನ್ನತೆಯ ಮಾತ್ರೆ: ಶುರು ಮಾಡಲು ಚೀಟಿ ಇದೆ, ಬಿಡಲು?

'ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ ನುಂಗಬೇಕು' ಅನ್ನುವವರು ಒಂದು ಕಡೆ. 'ಹುಷಾರಾಯ್ತಲ್ಲ, ಇನ್ಯಾಕೆ ಬಿಟ್ಟುಬಿಡು' ಅನ್ನುವವರು ಇನ್ನೊಂದು ಕಡೆ. ಖಿನ್ನತೆಯ ಮಾತ್ರೆ ತೆಗೆದುಕೊಳ್ಳುವವರು ಇವರಿಬ್ಬರ ನಡುವೆ ಸಿಕ್ಕಿಬಿದ್ದಿದ್ದಾರೆ. ಈ ಗೊಂದಲ ಇವತ್ತಿನದಲ್ಲ.

ಮೊದಲ ಮಾತ್ರೆಗಳು ಬಂದದ್ದು 1950ರ ದಶಕದಲ್ಲಿ. ಅವುಗಳಲ್ಲೊಂದಾದ ಇಮಿಪ್ರಮಿನ್ ನಿಲ್ಲಿಸಿದಾಗ ತೊಂದರೆಯಾಗುತ್ತದೆ ಎಂದು 1959ರಲ್ಲೇ ವೈದ್ಯರು ಬರೆದಿದ್ದರು. 1987ರ ಕೊನೆಗೆ ಅಮೆರಿಕದಲ್ಲಿ ಫ್ಲುಓಕ್ಸೆಟಿನ್ ಎಂಬ ಹೊಸ ಬಗೆಯ ಮಾತ್ರೆಗೆ ಅನುಮತಿ ಸಿಕ್ಕಿತು. ಆಮೇಲೆ ಅದೇ ಗುಂಪಿನ ಸರ್ಟ್ರಾಲಿನ್, ಎಸ್ಸಿಟಲೋಪ್ರಾಂ ಬಂದವು. ಅಡ್ಡಪರಿಣಾಮ ಕಡಿಮೆ ಎಂದು ಸಾಮಾನ್ಯ ವೈದ್ಯರೂ ಬರೆದುಕೊಡಲು ಶುರು ಮಾಡಿದರು. ಬಿಡುವುದು ಹೇಗೆ ಅನ್ನುವ ಮಾತು ಹಿಂದೆ ಉಳಿಯಿತು.

ನಮ್ಮ ಕಡೆ ಹಿಂದೆ ಮನಸ್ಸಿನ ಕಾಯಿಲೆ ಅಂದರೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ದೂರದ ಆಸ್ಪತ್ರೆಗೆ ಹೋಗಬೇಕಿತ್ತು. ಡಾ. ಅಶೋಕ್ ಪೈ ಅವರಂಥವರು ಶಿವಮೊಗ್ಗದಲ್ಲೇ ಚಿಕಿತ್ಸೆ ಕೊಟ್ಟು, ಕನ್ನಡದಲ್ಲಿ ಬರೆದು ಜನರ ಹೆದರಿಕೆ ಕಡಿಮೆ ಮಾಡಿದರು. ಅಲ್ಲಿನ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಟಾಯಿತು. ಇದು ದೊಡ್ಡ ಕೆಲಸ. ಆದರೆ ಉದ್ದ ಸಾಲಿನಲ್ಲಿ ಒಬ್ಬೊಬ್ಬರಿಗೆ ಸಿಗುವ ನಾಲ್ಕೈದು ನಿಮಿಷದಲ್ಲಿ ಮಾತ್ರೆ ಮುಂದುವರಿಸುವುದು ಸುಲಭ. ಮಾತ್ರೆಯ ಪ್ರಮಾಣ ಇಳಿಸುವುದಕ್ಕೆ ಕೂತು ಮಾತಾಡಬೇಕು.

ಹೊಸನಗರ, ತೀರ್ಥಹಳ್ಳಿ ಕಡೆಯ ಮಳೆಗಾಲ ನೆನೆಸಿಕೊಳ್ಳಿ. ಸ್ಟ್ರಿಪ್ ಖಾಲಿ. ಬಸ್ಸು ಹಿಡಿದು ಪೇಟೆಗೆ ಹೋಗಲು ಬೇಜಾರು. ಹೇಗೂ ಚೆನ್ನಾಗಿದ್ದೀನಲ್ಲ ಅಂತ ಸುಮ್ನಾಗುತ್ತಾರೆ. ಎರಡು ಮೂರು ದಿನಕ್ಕೆ ತಲೆಸುತ್ತು, ವಾಕರಿಕೆ, ಕೆಟ್ಟ ಕನಸು. ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ. ಕಾರಣವಿಲ್ಲದೆ ಅಳು. ಮನೆಯವರು 'ನೋಡಿ, ಮತ್ತೆ ಶುರುವಾಯ್ತು' ಅನ್ನುತ್ತಾರೆ. ಅಡಿಕೆ ಮರ ಹತ್ತುವ ಕೊನೆಗಾರನಿಗೆ ಈ ತಲೆಸುತ್ತು ಬಂದರೆ ಜೀವಕ್ಕೇ ಅಪಾಯ.

ಇದು ಕಾಯಿಲೆ ಮರಳಿದ್ದೇ ಆಗಿರಬೇಕಿಲ್ಲ. ಮಾತ್ರೆ ಬಿಟ್ಟ ತೊಂದರೆ ಸಾಮಾನ್ಯವಾಗಿ ಕೆಲವೇ ದಿನದಲ್ಲಿ ಬರುತ್ತದೆ, ಮಾತ್ರೆ ಮತ್ತೆ ತೆಗೆದುಕೊಂಡರೆ ಬೇಗ ತಗ್ಗುತ್ತದೆ. ಖಿನ್ನತೆ ಮರಳುವುದು ಹೆಚ್ಚಾಗಿ ನಿಧಾನಕ್ಕೆ, ವಾರ ತಿಂಗಳುಗಳಲ್ಲಿ. ಈ ವ್ಯತ್ಯಾಸ ಹೇಳದೆ ಕಳಿಸುವುದು ಜನರಿಗೆ ಮಾಡುವ ಅನ್ಯಾಯ.

ತಜ್ಞರಿಗೂ ಇದು ಸ್ಪಷ್ಟವಾಗಲು ಕಾಲ ಹಿಡಿಯಿತು. 2004ರ ಬ್ರಿಟನ್ ಮಾರ್ಗಸೂಚಿ, ಈ ತೊಂದರೆ ಸಾಮಾನ್ಯವಾಗಿ ಸೌಮ್ಯ, ವಾರದಲ್ಲಿ ಹೋಗುತ್ತದೆ ಎಂದಿತ್ತು. 2019ರಲ್ಲಿ ಅದನ್ನು ತಿದ್ದಿ, ಕೆಲವರಿಗೆ ಜಾಸ್ತಿ ದಿನ ಕಾಡಬಹುದು ಎಂದು ಒಪ್ಪಿಕೊಂಡರು. ಅದೇ ವರ್ಷ ಹೊರೊವಿಟ್ಜ್ ಮತ್ತು ಟೇಲರ್ ಎಂಬ ಸಂಶೋಧಕರು ಒಂದು ಲೆಕ್ಕ ಮುಂದಿಟ್ಟರು. ಫ್ಲುಓಕ್ಸೆಟಿನ್ ಗುಂಪಿನದೇ ಆದ ಸಿಟಲೋಪ್ರಾಂ 20 ಮಿಲಿಗ್ರಾಂ ಇದ್ದಾಗ ಮೆದುಳಿನಲ್ಲಿ ಸಿರೊಟೋನಿನ್ ಎಂಬ ರಾಸಾಯನಿಕ ಸಾಗಿಸುವ ತಾಣಗಳಲ್ಲಿ ಸುಮಾರು ಶೇ. 80ನ್ನು ಅದು ಹಿಡಿದಿರುತ್ತದೆ. 5ಕ್ಕೆ ಇಳಿಸಿದರೂ ಸುಮಾರು ಶೇ. 60. ಅಂದರೆ ಮೊದಲ 15 ಮಿಲಿಗ್ರಾಂ ಇಳಿಸುವುದಕ್ಕಿಂತ ಕೊನೆಯ 5 ಬಿಡುವುದೇ ದೊಡ್ಡ ಪೆಟ್ಟು. 'ಅರ್ಧ ಮಾಡಿ, ಆಮೇಲೆ ನಿಲ್ಲಿಸಿ' ಅನ್ನುವ ಸಲಹೆ ಹಲವರಿಗೆ ಕೈಕೊಡುವುದು ಇಲ್ಲೇ.

ಹಾಗಂತ ಎಲ್ಲರಿಗೂ ಕಷ್ಟವಾಗುವುದಿಲ್ಲ. 2024ರ ದೊಡ್ಡ ವಿಶ್ಲೇಷಣೆಯೊಂದರ ಪ್ರಕಾರ, ಬಿಟ್ಟವರಲ್ಲಿ ಆರೇಳು ಜನರಲ್ಲಿ ಒಬ್ಬರಿಗೆ ಮಾತ್ರೆ ಬಿಟ್ಟಿದ್ದರಿಂದಲೇ ಲಕ್ಷಣ ಬರುತ್ತದೆ. ಎಲ್ಲರೂ ಬಿಡಬೇಕೆಂದೂ ಅಲ್ಲ. ಬ್ರಿಟನ್ನಿನಲ್ಲಿ ಬಹುಕಾಲ ಮಾತ್ರೆ ತೆಗೆದುಕೊಂಡು ಚೆನ್ನಾಗಿದ್ದವರ ಮೇಲೆ ನಡೆದ, 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬಿಟ್ಟವರಲ್ಲಿ ಶೇ. 56 ಜನರಿಗೆ ವರ್ಷದೊಳಗೆ ಖಿನ್ನತೆ ಮರಳಿತು. ಮುಂದುವರಿಸಿದವರಲ್ಲಿ ಶೇ. 39.

ಹಾಗಾಗಿ ವೈದ್ಯರನ್ನು ಬಿಟ್ಟು ಒಬ್ಬರೇ ಇಳಿಸಲು ಹೋಗಬೇಡಿ. ನಿಧಾನವಾಗಿ ಇಳಿಸುವ ಲೆಕ್ಕವನ್ನು ಚೀಟಿಯಲ್ಲೇ ಬರೆಸಿಕೊಳ್ಳಿ. ಕೊನೆಯ ಹಂತ ಇನ್ನಷ್ಟು ಚಿಕ್ಕದಾಗಿರಲಿ ಎಂದು ಕೇಳಿ. ದಿನವಿಡೀ ನಿಧಾನಕ್ಕೆ ಕರಗುವ ಮಾತ್ರೆಗಳನ್ನು ಕೇಳದೆ ಮುರಿಯಬೇಡಿ. ಸಾಯುವ ಯೋಚನೆ ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ. ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ 14416 ಉಚಿತ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಕೊಯ್ಲಿನ ಸಮಯ, ಮನೆಯಲ್ಲಿ ಮದುವೆ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ. ಇಳಿಸುವುದನ್ನು ಆಮೇಲೆ ಶುರು ಮಾಡಬಹುದು.